ರೂಟರ್ ಬದಲಾದ ಮೇಲೆ ಫೈಲ್ ಹೋಗುತ್ತಿಲ್ಲವೇ? ಮನೆಯ ಎರಡು ಕಂಪ್ಯೂಟರ್‌ಗಳ ಮಾತು ಮತ್ತೆ ಶುರುಮಾಡಿಸುವ ಬಗೆ

ಮನೆಯ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಓಡಾಟ ನಿಂತರೆ ನಮ್ಮ ಕಡೆ ಎಲ್ಲರೂ ಮೊದಲು ಹುಡುಕುವುದು ಪೆನ್‌ಡ್ರೈವ್. ಒಂದು ದಿನದ ಮಟ್ಟಿಗೆ ಅದು ಸರಿ. ಆದರೆ ಪೆನ್‌ಡ್ರೈವ್‌ನಲ್ಲಿ ಮೇಲೆ ಕೆಳಗೆ ಓಡಾಡಿದ ಲೆಕ್ಕದ ಫೈಲ್ ವಾರದೊಳಗೆ ಎರಡು ಮೂರು ಅವತಾರ ಎತ್ತಿರುತ್ತದೆ. ಯಾವುದು ಹೊಸದು, ಯಾವುದು ಹಳೆಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ದೇವಸ್ಥಾನದ ರಶೀದಿ ಪುಸ್ತಕ, ಇಂಥವೇ. ನನ್ನ ಲ್ಯಾಪ್‌ಟಾಪ್ ಉಪ್ಪರಿಗೆಯಲ್ಲಿದೆ, ವಿಂಡೋಸ್ 11. ಮಾವನವರ ಕಂಪ್ಯೂಟರ್ ಕೆಳಗೆ ಜಗಲಿ ಪಕ್ಕದ ಕೋಣೆಯಲ್ಲಿ, ವಿಂಡೋಸ್ 10. ಅದರಲ್ಲಿ ತೋಟದ ಅಡಿಕೆ ಲೆಕ್ಕ: ರಾಶಿ ಎಷ್ಟು ಹೋಯಿತು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಅಡಿಕೆ ಕೊನೆ ಇಳಿಸುವ ಕೊನೆಗಾರನಿಗೆ ಕೊಟ್ಟಿದ್ದೆಷ್ಟು. ಪ್ರಿಂಟರ್ ಇರುವುದು ನನ್ನ ಹತ್ತಿರ. ಇವೆರಡೂ ಮಾತಾಡದಿದ್ದರೆ ಮೆಟ್ಟಿಲು ಹತ್ತಿ ಇಳಿಯುವ ಕೆಲಸ ನನ್ನದೇ. ನಮ್ಮನೆಯದು ಸರಿಯಾದ ಮೇಲೆ ನೆಂಟರಿಷ್ಟರ ಮನೆಯವೂ ಒಂದೊಂದಾಗಿ ನನ್ನ ತಲೆಗೆ ಬಂದವು.

ಅಲ್ಲೆಲ್ಲ ಕಂಡಿದ್ದು ಒಂದೇ. ಜನ ಸಿಕ್ಕಿದ ಸ್ವಿಚ್ಚೆಲ್ಲ ಒತ್ತಿರುತ್ತಾರೆ. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್ ಆಫ್, ಪಾಸ್‌ವರ್ಡ್ ಆಫ್, ಎಲ್ಲರಿಗೂ ಫುಲ್ ಕಂಟ್ರೋಲ್. ಆಮೇಲೆ ಫೈಲ್ ಬಂದರೂ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ. ಬಾರದಿದ್ದರೆ ಇನ್ನೂ ಕಷ್ಟ. ನನ್ನ ಕ್ರಮ ಬೇರೆ. ವೈರಿನಿಂದ ಶುರುಮಾಡಿ ಮೇಲಕ್ಕೆ ಬರುವುದು, ಒಂದು ಸಲಕ್ಕೆ ಒಂದೇ ಬದಲಾವಣೆ.

ಏನು ಬದಲಾಗಿದೆ ಅಂತ ಮೊದಲು ಕೇಳಿ

"ಮೊನ್ನೆವರೆಗೂ ಸರಿ ಇತ್ತು, ನಾವೇನೂ ಮುಟ್ಟಿಲ್ಲ" ಅನ್ನುತ್ತಾರೆ. ಸುಳ್ಳಲ್ಲ, ಕಂಪ್ಯೂಟರ್ ಯಾರೂ ಮುಟ್ಟಿರುವುದಿಲ್ಲ. ಆದರೆ ಮಲೆನಾಡಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಸಂಜೆ ಗುಡುಗು ಸಿಡಿಲು. ಒಂದು ಸಿಡಿಲಿಗೆ ರೂಟರ್ ಹೋಗಿರುತ್ತದೆ. ಇಂಟರ್ನೆಟ್‌ನವರು ಬಂದು ಹೊಸದು ಹಾಕಿ, ಮೊಬೈಲ್‌ನಲ್ಲಿ ವಿಡಿಯೋ ಬರುವುದನ್ನು ತೋರಿಸಿ ಹೋಗಿರುತ್ತಾರೆ. ಫೈಲ್ ಓಡಾಟ ನಿಂತಿದ್ದು ಅವತ್ತಿನಿಂದಲೇ. ಇಂಟರ್ನೆಟ್ ಚೆನ್ನಾಗಿ ಬರುತ್ತಿರುವುದರಿಂದ ರೂಟರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹೊಸ ರೂಟರ್ ಬಂದಾಗ ಸದ್ದಿಲ್ಲದೆ ಎರಡು ಸಂಗತಿ ನಡೆಯುತ್ತವೆ. ವಿಂಡೋಸ್ ಇದನ್ನು ಹೊಸ ಜಾಗ ಅಂತ ತಿಳಿದು ಪಬ್ಲಿಕ್ ನೆಟ್‌ವರ್ಕ್ ಎಂದು ಗುರುತು ಹಾಕಿಕೊಳ್ಳುತ್ತದೆ. ಬಸ್‌ಸ್ಟ್ಯಾಂಡಿನ ವೈಫೈಗೂ ಅದೇ ಗುರುತು. ಪಬ್ಲಿಕ್ ಅಂದಮೇಲೆ ಫೈಲ್ ಹಂಚುವ ಬಾಗಿಲು ಮುಚ್ಚಿರುತ್ತದೆ. ಎರಡನೆಯದಾಗಿ, ಕಂಪ್ಯೂಟರ್‌ಗಳ ಐಪಿ ನಂಬರ್, ಅಂದರೆ ರೂಟರ್ ಒಂದೊಂದಕ್ಕೂ ಕೊಡುವ ವಿಳಾಸ, ಬದಲಾಗಿರುತ್ತದೆ. ಹಳೆಯ ರೂಟರ್ 192.168.1 ಎಂದು ಶುರುವಾಗುವ ನಂಬರ್ ಕೊಡುತ್ತಿದ್ದರೆ ಹೊಸದು 192.168.0 ಎಂದು ಕೊಡಬಹುದು. ನೀವು ಡೆಸ್ಕ್‌ಟಾಪ್ ಮೇಲೆ ಮಾಡಿಟ್ಟುಕೊಂಡ ಶಾರ್ಟ್‌ಕಟ್ ಇನ್ನೂ ಹಳೆಯ ನಂಬರನ್ನೇ ಹುಡುಕುತ್ತಿರುತ್ತದೆ.

ವೈರು ಮತ್ತು ನಂಬರ್

ಕೇಬಲ್ ಹಾಕಿದ್ದರೆ ಅದು ಸೇರುವ ಜಾಗದಲ್ಲಿ ಸಣ್ಣ ದೀಪ ಉರಿಯುತ್ತದೆ, ಮಿಣುಕುತ್ತದೆ. ಹೆಚ್ಚಿನ ಕಂಪ್ಯೂಟರ್, ರೂಟರ್‌ಗಳಲ್ಲಿ ಈ ದೀಪ ಇದೆ. ಅದು ಸತ್ತಿದ್ದರೆ ಸೆಟ್ಟಿಂಗ್ಸ್ ತೆರೆಯುವುದು ವ್ಯರ್ಥ. ಅಟ್ಟದ ಮೇಲೆ ಇಲಿ ಕಡಿದಿದೆಯೋ ನೋಡಿ. ಮಳೆಗಾಲದಲ್ಲಿ ಕನೆಕ್ಟರ್‌ನ ತಾಮ್ರದ ಹಲ್ಲು ಕಿಲುಬು ಹಿಡಿಯುತ್ತದೆ. ಅದನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸುವುದೇ ದಾರಿ, ಉಜ್ಜಿದರೆ ನಾಲ್ಕು ದಿನ ಬರುತ್ತದೆ ಅಷ್ಟೆ. ಸಿಡಿಲಿಗೆ ರೂಟರ್ ಬದುಕಿ ಅದರ ಒಂದೇ ಪೋರ್ಟ್ ಸಾಯುವುದೂ ಉಂಟು. ಪಕ್ಕದ ಪೋರ್ಟಿಗೆ ಹಾಕಿ ನೋಡಿ.

ದೀಪ ಸರಿ ಇದ್ದರೆ, ಅಥವಾ ನಿಮ್ಮದು ವೈಫೈ ಆಗಿದ್ದರೆ, ಎರಡೂ ಕಂಪ್ಯೂಟರ್‌ನಲ್ಲಿ ನಂಬರ್ ನೋಡಿ. ಸ್ಟಾರ್ಟ್ ಒತ್ತಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ (ಆ ಕಂಪ್ಯೂಟರಿನ ನಂಬರ್) ಮತ್ತು ಡೀಫಾಲ್ಟ್ ಗೇಟ್‌ವೇ (ರೂಟರಿನ ನಂಬರ್), ಈ ಎರಡು ಸಾಲು ಮಾತ್ರ ನಮಗೆ ಬೇಕು. ಎರಡೂ ಕಂಪ್ಯೂಟರಿನದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನೆನಪಿಟ್ಟುಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕೊನೆಯ ಅಂಕಿ ಮರೆತುಹೋಗುತ್ತದೆ.

ನಂಬರ್ 169.254 ಎಂದು ಶುರುವಾಗಿದ್ದರೆ ಆ ಕಂಪ್ಯೂಟರಿಗೆ ರೂಟರ್ ನಂಬರ್ ಕೊಟ್ಟೇ ಇಲ್ಲ ಎಂದರ್ಥ. ಸಿಗದೇ ಇದ್ದಾಗ ವಿಂಡೋಸ್ ತಾನೇ ಒಂದು ಹಾಕಿಕೊಳ್ಳುತ್ತದೆ. ಮತ್ತೆ ವೈರು, ವೈಫೈ ನೋಡಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಎರಡರ ಗೇಟ್‌ವೇ ಒಂದೇ ಆಗಿದ್ದರೆ ಮುಂದಕ್ಕೆ ಹೋಗಬಹುದು. ಬೇರೆ ಬೇರೆ ಇದ್ದರೆ ಇಲ್ಲೇ ನಿಲ್ಲಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಇದೇ.

ರೂಟರ್ ಹಿಂದೆ ಇನ್ನೊಂದು ರೂಟರ್

ಜಂಬಿಟ್ಟಿಗೆಯ ದಪ್ಪ ಗೋಡೆ, ಮಣ್ಣಿನ ಗೋಡೆ ದಾಟಿ ವೈಫೈ ಹೋಗುವುದಿಲ್ಲ. ಜಗಲಿಯಲ್ಲಿ ಫುಲ್ ಕಡ್ಡಿ, ಅಡುಗೆಮನೆಗೆ ಬಂದರೆ ಒಂದೂ ಇಲ್ಲ. ಆಗ ಯಾರೋ ಪೇಟೆಯಿಂದ ಇನ್ನೊಂದು ರೂಟರ್ ತಂದು, ಮೊದಲನೆಯದರಿಂದ ಕೇಬಲ್ ಎಳೆದು, ಉಪ್ಪರಿಗೆಯಲ್ಲಿ ಇಡುತ್ತಾರೆ. ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಬಣ್ಣವೇ ಬೇರೆ ಇರುವ ಪೋರ್ಟಿಗೆ ಚುಚ್ಚುತ್ತಾರೆ. ಇಂಟರ್ನೆಟ್ ಬರುತ್ತದೆ, ಎಲ್ಲರಿಗೂ ಖುಷಿ.

ಆದರೆ ಎರಡನೇ ರೂಟರ್ ಉಪ್ಪರಿಗೆಯನ್ನು ಬೇರೆಯೇ ಮನೆ ಮಾಡಿಬಿಡುತ್ತದೆ. ಕೆಳಗೆ 192.168.1 ಸಾಲಿನ ನಂಬರ್, ಮೇಲೆ 192.168.0 ಸಾಲಿನದು. ಆಗ ಕಾಣುವ ಲಕ್ಷಣ ವಿಚಿತ್ರ: ಮೇಲಿನಿಂದ ಕೆಳಗಿನ ಕಂಪ್ಯೂಟರನ್ನು ನಂಬರ್ ಹಾಕಿ ತೆರೆಯಬಹುದು, ಕೆಳಗಿನಿಂದ ಮೇಲಿನದನ್ನು ತೆರೆಯಲು ಬರುವುದೇ ಇಲ್ಲ. ನೆಟ್‌ವರ್ಕ್ ಪಟ್ಟಿಯಲ್ಲಂತೂ ಎರಡೂ ಒಂದಕ್ಕೊಂದು ಕಾಣುವುದಿಲ್ಲ. ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, "ಮನೇಲಿ ಎಷ್ಟು ರೂಟರ್ ಇದೆ?"

ಸರಿ ಮಾಡುವುದು ಹೀಗೆ. ಎರಡನೇ ರೂಟರಿನ ಸೆಟ್ಟಿಂಗ್ಸ್ ತೆರೆಯಿರಿ. ಆಕ್ಸೆಸ್ ಪಾಯಿಂಟ್ ಮೋಡ್ ಎಂದು ಇದ್ದರೆ ಅದನ್ನೇ ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಮೂರು ಕೆಲಸ ಕೈಯಿಂದ ಮಾಡಬೇಕು. ಅದರ ಸ್ವಂತ ನಂಬರನ್ನು ಮೊದಲ ರೂಟರಿನ ಸಾಲಿಗೆ ತನ್ನಿ. ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಬಹುದು, ಆ ನಂಬರ್ ಬೇರೆ ಯಾವುದಕ್ಕೂ ಹೋಗಿರಬಾರದು ಅಷ್ಟೆ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ನಂಬರ್ ಹಂಚುವ ಕೆಲಸ ಮನೆಯಲ್ಲಿ ಒಬ್ಬರೇ ಮಾಡಬೇಕು. ಕೊನೆಗೆ ಕೇಬಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಉಳಿದ ಲ್ಯಾನ್ ಪೋರ್ಟುಗಳಲ್ಲಿ ಒಂದಕ್ಕೆ ಹಾಕಿ. ಈ ಅನುಕ್ರಮ ಮುಖ್ಯ. ಕೇಬಲ್ ಮೊದಲೇ ಬದಲಾಯಿಸಿದರೆ ಇಬ್ಬರೂ ನಂಬರ್ ಹಂಚಲು ಹೊರಟು ಮನೆಯಲ್ಲಿ ಯಾರಿಗೂ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ, ಬೈಗುಳ ನಿಮಗೆ.

ಗೆಸ್ಟ್ ವೈಫೈ ಕೂಡ ಇದೇ ತರಹದ ತೊಂದರೆ ಕೊಡುತ್ತದೆ. ಮದುವೆಗೆ ಬಂದ ನೆಂಟರಿಗೆಂದು ಮಾಡಿದ ಗೆಸ್ಟ್ ಹೆಸರಿಗೆ ನಿಮ್ಮ ಲ್ಯಾಪ್‌ಟಾಪ್ ಅಂಟಿಕೊಂಡಿದ್ದರೆ ಇಂಟರ್ನೆಟ್ ಬರುತ್ತದೆ, ಮನೆಯ ಉಳಿದ ಕಂಪ್ಯೂಟರ್ ಕಾಣುವುದಿಲ್ಲ. ಗೆಸ್ಟ್ ಇರುವುದೇ ಅದಕ್ಕೆ.

ಪ್ರೈವೇಟ್ ಮಾಡಿ, ಆಮೇಲೆ ನಂಬರ್ ಹಾಕಿ ತೆರೆಯಿರಿ

ಎರಡೂ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ನಿಮ್ಮ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್ ತೆರೆಯಿರಿ. ಪಬ್ಲಿಕ್ ಇದ್ದರೆ ಪ್ರೈವೇಟ್ ಮಾಡಿ. ನಂತರ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್. ವಿಂಡೋಸ್ 11ರಲ್ಲಿ ಅದು ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿದೆ, 10ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್‌ನಲ್ಲಿ. ಅಲ್ಲಿ ಪ್ರೈವೇಟ್ ಭಾಗದಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇರಲಿ. ಪಬ್ಲಿಕ್ ಭಾಗದಲ್ಲಿ ಎರಡೂ ಆಫ್ ಇರಲಿ. ಲ್ಯಾಪ್‌ಟಾಪ್ ಹಿಡಿದು ಶಿವಮೊಗ್ಗಕ್ಕೆ ಹೋಗಿ ಹೋಟೆಲಿನ ವೈಫೈಗೆ ಸೇರಿದಾಗ ನಿಮ್ಮ ಫೋಲ್ಡರ್ ಅಲ್ಲಿಯೂ ತೆರೆದುಕೊಂಡಿರಬಾರದಲ್ವಾ.

ಹಳೆಯ ವಿಡಿಯೋಗಳಲ್ಲಿ ಹೋಮ್‌ಗ್ರೂಪ್ ಮಾಡಿ ಅನ್ನುತ್ತಾರೆ. ಅದನ್ನು ಹುಡುಕಬೇಡಿ. 2018ರಲ್ಲೇ ವಿಂಡೋಸ್ 10ರಿಂದ ತೆಗೆದಿದ್ದಾರೆ.

ಈಗ ಫೈಲ್ ಎಕ್ಸ್‌ಪ್ಲೋರರ್ ತೆರೆದು ಎಡಗಡೆಯ ನೆಟ್‌ವರ್ಕ್ ಮೇಲೆ ಒತ್ತಿ ಕಾಯುತ್ತಾ ಕೂರುವ ಅಭ್ಯಾಸ ಬಿಡಿ. ಆ ಪಟ್ಟಿ ಬರೀ ಸೌಕರ್ಯಕ್ಕೆ. ಅದರಲ್ಲಿ ಹೆಸರು ಕಾಣದಿದ್ದರೂ ಫೈಲ್ ಹೋಗುತ್ತದೆ, ಹೆಸರು ಕಂಡರೂ ಹೋಗದೇ ಇರಬಹುದು. ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಹಿಂದಕ್ಕೆ ಬಾಗಿದ ಎರಡು ಗೆರೆ ಹಾಕಿ ಇನ್ನೊಂದು ಕಂಪ್ಯೂಟರಿನ ನಂಬರ್ ಟೈಪ್ ಮಾಡಿ: \\192.168.1.5 ಅಂತ, ನಿಮ್ಮ ಚೀಟಿಯಲ್ಲಿರುವ ನಂಬರ್. ಆಗ ನಾಲ್ಕರಲ್ಲಿ ಒಂದು ಆಗುತ್ತದೆ.

ಫೋಲ್ಡರ್ ಕಾಣಿಸಿತು. ಹಾಗಿದ್ದರೆ ತೊಂದರೆ ಇದ್ದದ್ದು ಹೆಸರು ಹುಡುಕುವುದರಲ್ಲಿ ಮಾತ್ರ. ಪಟ್ಟಿಯಲ್ಲೂ ಹೆಸರು ಬೇಕೇಬೇಕು ಅನ್ನುವವರು ಸರ್ವೀಸಸ್ ತೆರೆದು ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಎಂಬುದನ್ನು ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಒತ್ತಿ.

ಹೆಸರು, ಪಾಸ್‌ವರ್ಡ್ ಕೇಳಿತು. ಒಳ್ಳೆಯ ಸುದ್ದಿ. ದಾರಿ ಸರಿ ಇದೆ, ಗುರುತಿನ ಪ್ರಶ್ನೆ ಉಳಿದಿದೆ.

ಪರ್ಮಿಶನ್ ಇಲ್ಲ ಅಂದಿತು. ಇನ್ನೂ ಹತ್ತಿರ ಬಂದಿದ್ದೀರಿ.

ತುಂಬಾ ಹೊತ್ತು ತಿರುಗಿ, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಅಂತ ಕೊನೆಯಲ್ಲಿ 80070035 ಇರುವ ಸಂದೇಶ ಬಂತು. ಆ ಕಡೆಯ ಕಂಪ್ಯೂಟರ್ ನಿದ್ದೆಗೆ ಹೋಗಿದೆ, ಅಥವಾ ಅದರ ಫೈರ್‌ವಾಲ್ ತಡೆಯುತ್ತಿದೆ. ಮೊದಲು ಆ ಕಂಪ್ಯೂಟರ್ ಹತ್ತಿರವೇ ಹೋಗಿ ಅದರಲ್ಲೇ \\127.0.0.1 ಎಂದು ತೆರೆಯಿರಿ. ಈ ನಂಬರ್ ಎಂದರೆ ತಾನೇ. ಅಲ್ಲಿ ನೀವು ಶೇರ್ ಮಾಡಿದ ಫೋಲ್ಡರ್ ಕಾಣದಿದ್ದರೆ ಶೇರ್ ಆಗೇ ಇಲ್ಲ, ನೆಟ್‌ವರ್ಕನ್ನು ಬೈಯುವುದು ತಪ್ಪು. ಕಂಡರೆ ತಡೆ ದಾರಿಯಲ್ಲಿದೆ. ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್‌ಗಳು ಎಷ್ಟೋ ಸಲ ಸ್ವಂತ ಫೈರ್‌ವಾಲ್ ತಂದಿರುತ್ತವೆ. ನೀವು ವಿಂಡೋಸ್‌ನಲ್ಲಿ ಪ್ರೈವೇಟ್ ಮಾಡಿದ್ದು ಅದಕ್ಕೆ ಗೊತ್ತೇ ಇರುವುದಿಲ್ಲ. ಅದರೊಳಗೂ ಹೋಗಿ ಈ ನೆಟ್‌ವರ್ಕನ್ನು ಹೋಮ್ ಅಥವಾ ಟ್ರಸ್ಟೆಡ್ ಮಾಡಬೇಕು. ಅನುಮಾನ ತೀರಿಸಿಕೊಳ್ಳಲು ಫೈರ್‌ವಾಲನ್ನು ಎರಡು ನಿಮಿಷ ಆಫ್ ಮಾಡಿ ನೋಡುವುದಕ್ಕೆ ನನ್ನ ಅಡ್ಡಿ ಇಲ್ಲ. ಹಾಗೇ ಬಿಟ್ಟು ಊಟಕ್ಕೆ ಹೋಗುವುದಕ್ಕೆ ಇದೆ.

ಪಿಂಗ್ ಮಾಡಿ, ಅಂದರೆ ಕಪ್ಪು ಕಿಟಕಿಯಿಂದ ಆ ಕಡೆಯ ನಂಬರನ್ನು ಕೂಗಿ ಉತ್ತರ ಬರುತ್ತದೋ ಎಂದು ನೋಡುವವರಿಗೆ ಒಂದು ಮಾತು. ಪಿಂಗ್‌ಗೆ ಉತ್ತರ ಬರದಿದ್ದರೆ ವೈರು ಹೋಗಿದೆ ಅಂತ ತೀರ್ಮಾನಿಸಬೇಡಿ. ಪಬ್ಲಿಕ್ ಗುರುತಿರುವ ವಿಂಡೋಸ್ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಮೊದಲು ಗೇಟ್‌ವೇ ನಂಬರಿಗೆ ಪಿಂಗ್ ಮಾಡಿ, ಅದು ಬಂದರೆ ನಿಮ್ಮ ಕಡೆಯ ವೈರು ಸರಿ.

ಪಾಸ್‌ವರ್ಡ್ ಎಂಬ ರಗಳೆ

ಮಾವನವರ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ. "ನಮ್ಮನೇಲಿ ಯಾರು ಕದೀತಾರೆ, ಅದೆಲ್ಲ ಯಾಕಮ್ಮಾ?" ಅನ್ನುತ್ತಿದ್ದರು. ಮಾತು ನ್ಯಾಯವೇ. ಆದರೆ ಪಾಸ್‌ವರ್ಡ್ ಖಾಲಿ ಇರುವ ಅಕೌಂಟಿಗೆ ಆ ಕಂಪ್ಯೂಟರಿನ ಎದುರು ಕೂತು ಮಾತ್ರ ಪ್ರವೇಶ, ನೆಟ್‌ವರ್ಕ್ ಮೂಲಕ ಇಲ್ಲ. ವಿಂಡೋಸ್ ಮಾಡಿರುವ ನಿಯಮವೇ ಹಾಗೆ. ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯಲ್ಲಿ ಹೆಸರು ಹಾಕಿ ಕೆಳಗಿನದನ್ನು ಖಾಲಿ ಬಿಟ್ಟರೆ ಒಳಗೆ ಬಿಡುವುದಿಲ್ಲ.

ಇನ್ನೊಂದು ಗುಂಪು ಪಿನ್ ಹಾಕುವವರದು. ಲ್ಯಾಪ್‌ಟಾಪ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಆ ಲ್ಯಾಪ್‌ಟಾಪಿಗೆ ಮಾತ್ರ. ನೆಟ್‌ವರ್ಕ್‌ನಲ್ಲಿ ಅದು ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಇದ್ದರೆ ಪೂರ್ತಿ ಇಮೇಲ್ ವಿಳಾಸ ಮತ್ತು ಅದರ ನಿಜವಾದ ಪಾಸ್‌ವರ್ಡ್ ಹಾಕಬೇಕು. ಆ ಪಾಸ್‌ವರ್ಡ್ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರು ಹಾಕಿಕೊಟ್ಟಿದ್ದು, ಈಗ ಯಾರಿಗೂ ನೆನಪಿಲ್ಲ. ಸಾಮಾನ್ಯವಾಗಿ ಕಥೆ ಇಷ್ಟೇ.

ಇದನ್ನೆಲ್ಲ ಬಿಡಿಸುವ ಬದಲು ನಾನು ಮಾಡುವುದು ಬೇರೆ. ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಹಂಚುವುದಕ್ಕೆಂದೇ ಒಂದು ಹೊಸ ಲೋಕಲ್ ಅಕೌಂಟ್. ಸೆಟ್ಟಿಂಗ್ಸ್, ಅಕೌಂಟ್ಸ್, ಅಲ್ಲಿ ಮನೆಯವರಲ್ಲದ ಇತರ ಯೂಸರ್ ಸೇರಿಸುವ ಜಾಗ. ಇಮೇಲ್ ಕೇಳಿದಾಗ ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಹತ್ತಿರ ಇಲ್ಲ ಎಂಬ ಸಾಲು ಒತ್ತಿ, ಮುಂದೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಎಂಬುದನ್ನು ಆರಿಸಿ. ಹೆಸರು ಇಂಗ್ಲಿಷಿನಲ್ಲಿ, ಚಿಕ್ಕದಾಗಿ, ನಡುವೆ ಜಾಗ ಇಲ್ಲದೆ. ನಮ್ಮನೆಯಲ್ಲಿ ಅದರ ಹೆಸರು ಲೆಕ್ಕ. ಪಾಸ್‌ವರ್ಡ್ ಕೊಡಿ, ರೂಟರಿನ ಹಿಂದೆ ಅಂಟಿಸಬೇಡಿ. ಮಾವನವರು ತಮ್ಮ ಅಕೌಂಟಿಗೆ ಮೊದಲಿನಂತೆ ಪಾಸ್‌ವರ್ಡ್ ಇಲ್ಲದೆಯೇ ಹೋಗುತ್ತಾರೆ. ನಾನು ಮೇಲಿನಿಂದ ಲೆಕ್ಕದ ಹೆಸರಲ್ಲಿ ಬರುತ್ತೇನೆ. ಇಬ್ಬರಿಗೂ ಜಗಳ ಇಲ್ಲ.

ಪೆಟ್ಟಿಗೆಯಲ್ಲಿ ಹೆಸರು ಹಾಕುವಾಗ ಮೊದಲು ಆ ಕಂಪ್ಯೂಟರಿನ ಹೆಸರು, ಹಿಂದಕ್ಕೆ ಬಾಗಿದ ಒಂದು ಗೆರೆ, ಆಮೇಲೆ ಅಕೌಂಟಿನ ಹೆಸರು. ಹೀಗೆ ಹಾಕಿದರೆ ಯಾವ ಕಂಪ್ಯೂಟರಿನ ಲೆಕ್ಕ ಎಂಬ ಗೊಂದಲ ಇರುವುದಿಲ್ಲ. ನೆನಪಿಟ್ಟುಕೋ ಎಂಬ ಚೌಕಕ್ಕೆ ಟಿಕ್ ಹಾಕಿ.

ಆ ಟಿಕ್ಕೇ ಮುಂದೊಂದು ದಿನ ಕಾಡುತ್ತದೆ. ಪಾಸ್‌ವರ್ಡ್ ಬದಲಾಯಿಸಿದ ಮೇಲೂ ವಿಂಡೋಸ್ ಹಳೆಯದನ್ನೇ ಕೊಡುತ್ತಿರುತ್ತದೆ, ನಿಮ್ಮನ್ನು ಕೇಳುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ಅಂತ ಇದೆ. ವಿಂಡೋಸ್ ಕ್ರೆಡೆನ್ಶಿಯಲ್ಸ್ ಒಳಗೆ ಆ ಕಂಪ್ಯೂಟರಿನ ಹೆಸರು ಅಥವಾ ನಂಬರ್ ಇರುವ ಸಾಲನ್ನು ಅಳಿಸಿ, ಲಾಗ್ ಔಟ್ ಆಗಿ ಬನ್ನಿ. ಒಂದೇ ಕಂಪ್ಯೂಟರಿಗೆ ಎರಡು ಬೇರೆ ಹೆಸರಲ್ಲಿ ಒಟ್ಟಿಗೆ ಹೋಗಲು ವಿಂಡೋಸ್ ಬಿಡುವುದಿಲ್ಲ. ಹಾಗಾಗಿ ಲಾಗ್ ಔಟ್ ಮರೆಯಬೇಡಿ.

ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿದರೆ ಸಾಕು ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಹೆಸರು, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಹೋಗುವುದು. ಆದರೆ 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪ್ರೋ ಆವೃತ್ತಿ ಇಂಥ ಗುರುತಿಲ್ಲದ ಗೆಸ್ಟ್ ಸಂಪರ್ಕಕ್ಕೆ ತಾನಾಗಿಯೇ ಹೋಗುವುದಿಲ್ಲ. ರೂಟರಿನ ಯುಎಸ್‌ಬಿಗೆ ಚುಚ್ಚಿದ ಹಾರ್ಡ್‌ಡಿಸ್ಕ್ ಅಪ್‌ಡೇಟ್ ಆದ ಮೇಲೆ ತೆರೆಯದೇ ಇದ್ದರೆ ಕಾರಣ ಬಹುಶಃ ಇದೇ.

ಪರ್ಮಿಶನ್

ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಒಂದು ಕಡೆ, ಸೆಕ್ಯೂರಿಟಿ ಇನ್ನೊಂದು ಕಡೆ. ದಣಪೆ ದಾಟಿದರೂ ಮನೆ ಬಾಗಿಲು ಹಾಕಿದ್ದರೆ ಅಂಗಳದಲ್ಲೇ ನಿಲ್ಲಬೇಕು, ಹಾಗೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ವಾನ್ಸ್ಡ್ ಶೇರಿಂಗ್ ಎಂಬ ಬಟನ್ ಒಂದನ್ನು ಮಾತ್ರ ಮುಟ್ಟುತ್ತದೆ. ಅದರ ಮೇಲಿರುವ ಸಾದಾ ಶೇರ್ ಬಟನ್ ಎರಡನ್ನೂ ಹೊಂದಿಸುತ್ತದೆ. ಅದನ್ನೇ ಒತ್ತಿ, ಹೊಸ ಅಕೌಂಟಿನ ಹೆಸರು ಸೇರಿಸಿ, ರೀಡ್ ಅಂಡ್ ರೈಟ್ ಕೊಡಿ. ಇಡೀ ಡಿ ಡ್ರೈವ್ ಶೇರ್ ಮಾಡುವ ಚಟ ಬೇಡ, ಬೇಕಾದ ಫೋಲ್ಡರ್ ಒಂದು ಸಾಕು.

ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ

ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಡಲಾರದೆ ಎಕ್ಸ್‌ಪಿ ಕಂಪ್ಯೂಟರ್ ಇಟ್ಟುಕೊಂಡ ಡಿಟಿಪಿಯವರು ನಮ್ಮಲ್ಲಿ ಈಗಲೂ ಇದ್ದಾರೆ. ಫೈಲ್ ಹಂಚಲು ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ 1 ಎಂಬ ಹಳೆಯ ಭಾಷೆ ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಮೊದಲೇ ಹಾಕಿಕೊಡುವುದನ್ನು ನಿಲ್ಲಿಸಿದರು. ವಿಂಡೋಸ್ ಫೀಚರ್ಸ್‌ಗೆ ಹೋಗಿ ಅದನ್ನು ಮತ್ತೆ ಆನ್ ಮಾಡಿ ಅಂತ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಎಕ್ಸ್‌ಪಿ ಮಟ್ಟಿಗೆ ಪೆನ್‌ಡ್ರೈವೇ ವಾಸಿ, ಅದಕ್ಕೆ ಇಂಟರ್ನೆಟ್ಟೂ ಬೇಡ. ವಿಂಡೋಸ್ 7 ಇದ್ದರೆ ಈ ತೊಂದರೆ ಇಲ್ಲ, ಅದಕ್ಕೆ ಎಸ್‌ಎಂಬಿ 2 ಬರುತ್ತದೆ.

ಸರಿಯಾದ ಮೇಲೂ ಬರುವ ಕಿರಿಕಿರಿ

ಕರೆಂಟು ಹೋಗಿ ಬಂದ ಮೇಲೆ ನಂಬರ್ ಅದಲುಬದಲಾಗುವುದನ್ನು ತಪ್ಪಿಸಲು ರೂಟರಿನ ಡಿಎಚ್‌ಸಿಪಿ ಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಮಾಡಿ, ಫೈಲ್ ಇರುವ ಕಂಪ್ಯೂಟರಿಗೆ ಯಾವಾಗಲೂ ಒಂದೇ ನಂಬರ್ ಸಿಗುತ್ತದೆ. ಆ ಕಂಪ್ಯೂಟರ್ ತಾನಾಗಿ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ಸ್‌ನಲ್ಲಿ ನೆವರ್ ಮಾಡಿ. ಶೇರ್ ಫೋಲ್ಡರನ್ನು ಜೆಡ್ ಡ್ರೈವ್ ಎಂದು ಹೆಸರಿಟ್ಟು ಜೋಡಿಸಿಕೊಂಡಿದ್ದರೆ, ಅದರ ಮೇಲೆ ಕೆಂಪು ಕತ್ತರಿ ಗುರುತು ಕಂಡರೆ ಗಾಬರಿ ಬೇಡ, ಎರಡು ಸಲ ಒತ್ತಿ ನೋಡಿ. ಆ ಕಡೆಯದು ಎದ್ದಿದ್ದರೆ ತೆರೆಯುತ್ತದೆ.

ಫೈಲ್ ಹೋಗುತ್ತದೆ ಆದರೆ ತೀರಾ ನಿಧಾನ ಎಂದರೆ ಕಾಪಿ ಆಗುವ ವೇಗ ನೋಡಿ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 100 ಎಂಬಿ ಮೀರಬೇಕು. 11 ಎಂಬಿಯ ಆಸುಪಾಸಲ್ಲೇ ನಿಂತರೆ ಕೇಬಲ್‌ನ ನಾಲ್ಕು ಜೋಡಿ ಎಳೆಯಲ್ಲಿ ಒಂದು ತುಂಡಾಗಿರಬಹುದು. ಗಿಗಾಬಿಟ್‌ಗೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು, ಹಾಗಾಗಿ ಸಾಯದೆ ಕುಂಟುತ್ತದೆ. ಅಂಗಳ ದಾಟಿ ಅಡಿಕೆ ಸುಲಿಯುವ ಮನೆಗೆ ಎಳೆಯುವುದಾದರೆ 100 ಮೀಟರ್ ಮೀರಬೇಡಿ. ಬಯಲಲ್ಲಿ ಹೋಗುವ ತಾಮ್ರದ ಕೇಬಲ್ ಸಿಡಿಲನ್ನು ಒಳಗೆ ಕರೆದುಕೊಂಡು ಬರುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡು ಕಡೆ ಕನ್ವರ್ಟರ್ ಇಡುವುದು ಒಳ್ಳೆಯದು, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಗುಡುಗು ಶುರುವಾದಾಗ ಪವರ್ ಪಿನ್ ಮಾತ್ರ ಕಿತ್ತರೆ ಸಾಲದು, ನೆಟ್‌ವರ್ಕ್ ಕೇಬಲನ್ನೂ ಕೀಳಬೇಕು.

ಫೈಲ್ ಬಂತು, ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ. "ಶೇರಿಂಗ್‌ನಲ್ಲಿ ಹಾಳಾಗಿದೆ" ಅಂತ ನನಗೆ ಫೋನ್ ಬರುತ್ತದೆ. ಶೇರಿಂಗ್ ಏನೂ ಮಾಡಿರುವುದಿಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಅದು, ಈ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ ಅಷ್ಟೆ. ಇಲ್ಲಿಯೂ ನುಡಿ ಹಾಕಿಕೊಳ್ಳಿ, ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸಿ ಇಡಿ. ಬರೀ ಪ್ರಿಂಟ್ ತೆಗೆಯುವುದಾದರೆ ಕೆಳಗಿನ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ ಶೇರ್ ಫೋಲ್ಡರಿಗೆ ಹಾಕಲು ಹೇಳಿ.